ಅಬ್ಬಾ ಮತ್ತು ನಾನು ಒಂದೇ ಬ್ಯಾಚಿನಲ್ಲಿದ್ದ ಮಳೆಗಾಲ

ಹೋದ ತಿಂಗಳು ಅಮ್ಮಿಯ ಕನ್ನಡಕ ಮಾಡಿಸಲು ಚಾಮರಾಜನಗರಕ್ಕೆ ಹೋಗಿದ್ದೆ. ಕನ್ನಡಕ ಕೈಗೆ ಸಿಗಲು ಇನ್ನೂ ಹೊತ್ತಿತ್ತು. ಹೊರಗೆ ಜಿನುಗು ಮಳೆ ಹಿಡಿದಿತ್ತು. ನಿಲ್ಲಲು ಜಾಗ ಹುಡುಕುತ್ತ ಒಂದು ಕಟ್ಟಡದ ಮೆಟ್ಟಿಲ ಬಳಿ ಬಂದು ನಿಂತೆ. ತಲೆಯೆತ್ತಿ ನೋಡಿದಾಗ ಗೊತ್ತಾಯಿತು, ಅಬ್ಬಾ ಮತ್ತು ನಾನು ಹೊಲಿಗೆಯ ತರಬೇತಿಗೆ ಬರುತ್ತಿದ್ದ ಅದೇ ಕಟ್ಟಡ. ಮೇಲಿನ ಮಹಡಿಯಲ್ಲಿ ಈಗ ಮಂಚ, ಸೋಫಾ, ಬೀರು ಮಾರುವ ಅಂಗಡಿ. ಮೇಲೆ ಹತ್ತಿದೆ. ಅಂಗಡಿಯ ಹುಡುಗಿ, "ಡಬಲ್ ಕಾಟ್ ನೋಡ್ತೀರಾ ಮೇಡಂ?" ಎಂದು ಕೇಳಿದಳು. ಸುಮ್ಮನೆ ತಲೆಯಾಡಿಸಿ ಒಳಗೆ ಹೋದೆ. ಹೊಸ ಪಾಲಿಶಿನ ವಾಸನೆ ದಟ್ಟವಾಗಿತ್ತು. ಆದರೆ ಕಿಟಕಿಯ ಕಡೆ ಹೋಗಿ ನಿಂತಾಗ, ಅದರ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಹೊಲಿಗೆ ಮೆಷಿನ್ನಿನ ಎಣ್ಣೆ. ಮಂಚಗಳ ಕಾಲಿನ ನಡುವೆ ನೆಲದಲ್ಲಿ ಸಾಲಾಗಿ ಕಪ್ಪು ಕಲೆಗಳು ಹಾಗೇ ಇದ್ದವು. ಎರಡನೇ ಸಾಲಿನ ಕೊನೆಯ ಕಲೆ ಅಬ್ಬಾ ಕೂರುತ್ತಿದ್ದ ಮೆಷಿನ್ನಿನದು. ಅದರ ಪಕ್ಕದ್ದು ನನ್ನದು.

ಅಬ್ಬಾ ಗುಂಡ್ಲುಪೇಟೆಯಲ್ಲಿ ಟೈಲರ್ ಆಗಿದ್ದರು. ಬಾಷಾ ಸಾಬ್ರು ಅಂದರೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಗೊತ್ತು. ಗಂಡಸರ ಬಟ್ಟೆ ಮಾತ್ರ ಹೊಲಿಯುತ್ತಿದ್ದರು. ಹೊಲ ತೋಟ ಇದ್ದ ಲಿಂಗಾಯತ ರೈತರು ಮದುವೆ, ಗೃಹಪ್ರವೇಶ ಬಂದರೆ ಬಿಳಿ ಬಟ್ಟೆ ತಂದು ಅವರ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅಳತೆ ಕೊಡುತ್ತಿರಲಿಲ್ಲ, ಅಬ್ಬಾ ಕೇಳುತ್ತಲೂ ಇರಲಿಲ್ಲ. ಈರುಳ್ಳಿ ಮಂಡಿಯ ಮಾದಪ್ಪನವರು ವರ್ಷಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, "ಒಟ್ಟೆ ವಸಿ ಮುಂದಕ್ಕೆ ಬಂದದೆ ಸಾಬ್ರೆ, ನೋಡ್ಕಂಡು ಒಲೀರಿ" ಎಂದಷ್ಟೇ ಹೇಳಿ ಹೋಗುತ್ತಿದ್ದರು.

ಆ ವ್ಯಾಪಾರ ಒಂದೇ ದಿನ ಹೋದದ್ದಲ್ಲ. ಮೊದಲು ಶಾಲೆಯ ಸಮವಸ್ತ್ರ ಹೋಯಿತು. ಆಮೇಲೆ ಹುಡುಗರು ರೆಡಿಮೇಡ್ ಅಂಗಡಿಗೆ ಹೋದರು. ಕೊರೊನಾ ಬಂದು ಮದುವೆಗಳು ನಿಂತವು. ಅದು ಮುಗಿದು ಮದುವೆಗಳು ಮತ್ತೆ ಶುರುವಾದರೂ ಬಟ್ಟೆ ತರುವವರು ವಾಪಸ್ಸು ಬರಲಿಲ್ಲ. ಅಂಗಡಿಯಲ್ಲಿ ಉಳಿದದ್ದು ಕೊಂಡು ತಂದ ಪ್ಯಾಂಟಿನ ಕಾಲು ಮಡಚಿ ಹೊಲಿಯುವ ಕೆಲಸ, ಜಿಪ್ಪು ಬದಲಿಸುವ ಕೆಲಸ. ಕೊನೆಗೆ ಕಟ್ಟಡದ ಮಾಲೀಕರು ಹಳೆಯ ಸಾಲನ್ನೆಲ್ಲ ಕೆಡವಿ ಕಾಂಪ್ಲೆಕ್ಸ್ ಕಟ್ಟಿಸಲು ಹೊರಟರು. ಅಬ್ಬಾ ಮೆಷಿನ್ನನ್ನು ಒಂದು ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ಬಂದರು. ಅದನ್ನು ಇಡಲು ಜಾಗ ಮಾಡಬೇಕೆಂದು ಅಮ್ಮಿ ಅಕ್ಕಿಯ ಡಬ್ಬಿಗಳನ್ನು ಸರಿಸಿದಳು.

ನಾನು ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಚಾಮರಾಜನಗರದಲ್ಲಿ ಗಾರ್ಮೆಂಟ್ ಕೆಲಸಕ್ಕೆ ಉಚಿತ ತರಬೇತಿ ಶುರುವಾಗಿದೆ, ಮುಗಿದ ಮೇಲೆ ಕೆಲಸ ಗ್ಯಾರಂಟಿ ಎಂದು ಯಾರೋ ಹೇಳಿದರು. ಹೆಸರು ಕೊಡಲು ಅಬ್ಬಾ ನನ್ನನ್ನು ಕರೆದುಕೊಂಡು ಹೋದರು. ತರಬೇತಿ ಕೊಡುವವರು ಶಶಿಕಲಾ ಮೇಡಂ. ಬಹಳ ವರ್ಷ ಗಾರ್ಮೆಂಟಿನಲ್ಲೇ ಸೂಪರ್‌ವೈಸರ್ ಆಗಿದ್ದವರು, ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ. ಅವರು ನನ್ನ ಹೆಸರು ಬರೆದುಕೊಳ್ಳುವಾಗ ಅಬ್ಬಾ ಸಾಲಾಗಿದ್ದ ಮೆಷಿನ್ನುಗಳನ್ನು ನೋಡುತ್ತಿದ್ದರು. ಆಮೇಲೆ ಟೋಪಿ ಸರಿ ಮಾಡಿಕೊಂಡು, ಬಸ್ ಹೊರಡುವ ಸಮಯ ಕೇಳುವಷ್ಟು ಸಾಧಾರಣವಾಗಿ, "ಮೇಡಂ, ನಂಗೂ ಸೇರ್ಕೊಳಕ್ಕೆ ಆಯ್ತದಾ?" ಎಂದು ಕೇಳಿದರು.

ಮೇಡಂ ಪೆನ್ನು ನಿಲ್ಲಿಸಿದರು. "ನಿಮ್ಗೆ ವಯಸ್ಸಾಗಿದೆಯಲ್ಲಪ್ಪ."

"ವಯಸ್ಸು ಮೈಗೆ ಮೇಡಂ. ಒಲಿಗೆ ನಂಗೆ ಬತ್ತದೆ."

"ಅದೇ ಕಷ್ಟ," ಎಂದರು ಮೇಡಂ. ಆ ಮಾತಿನ ಅರ್ಥ ನನಗೆ ಅವತ್ತು ಆಗಲಿಲ್ಲ. ಬ್ಯಾಚು ತುಂಬಲು ಇನ್ನೂ ಜನ ಬೇಕಾಗಿತ್ತೋ ಏನೋ, ಕೊನೆಗೆ ಒಪ್ಪಿದರು. ಕಲಿಯಲು ಕೂರಬಹುದು, ಕೆಲಸದ ಮಾತು ನಾನು ಕೊಡುವುದಿಲ್ಲ ಎಂದರು. ಅಬ್ಬಾ ಅಷ್ಟಕ್ಕೇ ಎರಡೂ ಕೈ ಎತ್ತಿ ಮುಗಿದರು. ಅವರು ಯಾರಿಗೂ ಹಾಗೆ ಕೈ ಮುಗಿದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಷಾಢದ ಗಾಳಿಯಲ್ಲಿ ತರಬೇತಿ ಶುರುವಾಯಿತು. ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಬಸ್ ಹತ್ತಿದರೆ ತೆರಕಣಾಂಬಿ ದಾಟಿ ಚಾಮರಾಜನಗರ. ಹಿಂದೆ ಗೋಪಾಲಸ್ವಾಮಿ ಬೆಟ್ಟ ಮೋಡದೊಳಗೆ ಮುಳುಗಿರುತ್ತಿತ್ತು. ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವು. ಕೇರಳದ ಕಾರುಗಳು ನಿಂತು ಜನ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಬ್ಬಾ ಕಿಟಕಿ ಸೀಟನ್ನು ನನಗೆ ಬಿಟ್ಟು, ತಿಂಡಿಯ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಮೊದಲ ದಿನ ಬಸ್ಸಿಳಿದ ಮೇಲೆ ಅವರು, "ಅಲ್ಲಿ ಎಲ್ಲರೂ ಕನ್ನಡದವರು. ನಾವಿಬ್ಬರೇ ಬೇರೆ ಮಾತಾಡಿದರೆ ಅವರಿಗೆ ಸರಿಯೆನಿಸುವುದಿಲ್ಲ" ಎಂದು ಉರ್ದುವಿನಲ್ಲೇ ಹೇಳಿದರು. ಆ ಮೆಟ್ಟಿಲು ಹತ್ತಿದ ಮೇಲೆ ಅಬ್ಬಾ ನನ್ನೊಡನೆ ಕನ್ನಡದಲ್ಲಿ ಮಾತಾಡಿದರು. "ನಸೀಮಾ, ಕತ್ತರಿ ಕೊಡಮ್ಮ" ಎಂದಾಗ ಬೇರೆ ಯಾರದೋ ಅಪ್ಪ ಕರೆದಂತಾಗುತ್ತಿತ್ತು.

ಬ್ಯಾಚಿನಲ್ಲಿ ಇದ್ದವರೆಲ್ಲ ಹೆಂಗಸರು, ಹುಡುಗಿಯರು. ನನ್ನ ಇನ್ನೊಂದು ಪಕ್ಕಕ್ಕೆ ಉಮ್ಮತ್ತೂರಿನ ರಾಜಮ್ಮಣಿ ಕೂರುತ್ತಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ಕೂಲಿಗೆ ಹೋಗಿ ಗಟ್ಟಿಯಾದ ಕೈ, ಮನೆಯಲ್ಲಿ ಒಬ್ಬಳು ಮಗಳು. ಹೊಲಿಗೆ ಮೆಷಿನ್ ಮುಟ್ಟಿದ್ದು ಅದೇ ಮೊದಲು. ಮೊದಲ ವಾರ ದಾರ ಪೋಣಿಸಲು ಅಬ್ಬಾ ಹೇಳಿಕೊಟ್ಟರು. "ಸಾಬ್ರೆ, ನೀವು ನಂಗೆ ಗುರುಗಳು ಕಣಿ" ಎಂದು ಅವಳು ನಗುತ್ತಿದ್ದಳು. ಅಬ್ಬಾನಿಗೆ ಆ ಮಾತು ಎಷ್ಟು ಹಿತವಾಗಿತ್ತೆಂದರೆ ಮನೆಗೆ ಬಂದು ಅಮ್ಮಿಗೂ ಹೇಳಿದರು.

ಎರಡನೇ ವಾರಕ್ಕೆ ಗುರುಗಳ ಕಾಲೇ ಅವರ ಮಾತು ಕೇಳಲಿಲ್ಲ. ಅಂಗಡಿಯಲ್ಲಿದ್ದದ್ದು ತುಳಿಯುವ ಮೆಷಿನ್. ಮುಂಗಾಲು, ಹಿಮ್ಮಡಿ ಎರಡನ್ನೂ ತೊಟ್ಟಿಲು ತೂಗಿದಂತೆ ತೂಗುತ್ತಿರಬೇಕು. ಇಲ್ಲಿಯದು ಮೋಟಾರಿನದು. ಮುಂಗಾಲು ಒತ್ತಿದರೆ ಓಡುತ್ತದೆ, ಹಿಮ್ಮಡಿ ಒತ್ತಿದರೆ ನಿಲ್ಲುತ್ತದೆ. ಅಬ್ಬಾನದು ಮೂವತ್ತು ವರ್ಷ ತೂಗಿದ ಕಾಲು. ತೂಗಿದಾಗಲೆಲ್ಲ ಮೆಷಿನ್ ಹಾರಿ ನಿಲ್ಲುತ್ತಿತ್ತು, ಹಾರಿ ನಿಲ್ಲುತ್ತಿತ್ತು. ಮೇಡಂ ಅವರಿಗೆ ಅಂಗಿಯ ತೋಳಿನ ತುದಿಯ ಪಟ್ಟಿ, ಕಫ್ ಹೊಲಿಯುವ ಅಭ್ಯಾಸ ಕೊಟ್ಟಿದ್ದರು. ಕಫ್ ಅಂದರೆ ಕಫ್ ಮಾತ್ರ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೊಂದೇ. ಅಬ್ಬಾ ಪ್ರತಿಯೊಂದನ್ನೂ ಹೊಲಿದು, ಮಗುಚಿ, ಮೂಲೆ ಒತ್ತಿ, ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಿದ್ದರು. ಮೇಡಂ ಗಡಿಯಾರ ಹಿಡಿದು ಹಿಂದೆ ನಿಂತಿರುತ್ತಿದ್ದರು.

"ನೋಡ್ಬೇಡಿ ಸಾಬ್ರೇ. ನೋಡೋಕೆ ಬೇರೆಯವ್ರು ಇರ್ತಾರೆ. ನೀವು ಹೊಲೀರಿ, ಪಕ್ಕಕ್ಕೆ ತಳ್ಳಿ."

"ಸೊಟ್ಟ ಇದ್ರೆ ಮೇಡಂ?"

"ಸೊಟ್ಟ ಇದ್ರೆ ವಾಪಸ್ ಬರತ್ತೆ. ಆದ್ರೆ ನಿಮ್ಮಿಂದ ಲೈನ್ ನಿಲ್ಬಾರ್ದು."

ರಾಜಮ್ಮಣಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ. ಹೇಳಿದಷ್ಟು ಕಲಿತಳು. ಶ್ರಾವಣ ಬರುವಷ್ಟರಲ್ಲಿ ಅವಳ ಪಕ್ಕದ ರಾಶಿ ಎಲ್ಲರದಕ್ಕಿಂತ ಎತ್ತರವಾಗಿತ್ತು. ನನ್ನದು ನಡುವೆ. ಅಬ್ಬಾನದು ಎಲ್ಲಕ್ಕಿಂತ ಚಿಕ್ಕದು. ಅವರು ಅದನ್ನು ನೋಡಿ, ನನ್ನ ಕಡೆ ನೋಡಿ, ಮತ್ತೆ ತಲೆ ತಗ್ಗಿಸುತ್ತಿದ್ದರು.

ಮನೆಯಲ್ಲಿ ಹಳೆಯ ಮೆಷಿನ್ನಿನ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದರು. ಬೆಲ್ಟು ಕಳಚಿ, ಬರೀ ಕಾಲಿಟ್ಟುಕೊಂಡು, ಮುಂಗಾಲು ಒತ್ತುವುದು, ಹಿಮ್ಮಡಿ ಒತ್ತುವುದು. ಅಮ್ಮಿ ರೊಟ್ಟಿ ತಟ್ಟುತ್ತ ನೋಡುತ್ತಿದ್ದಳು. "ನಿಮಗೆ ಬರುವುದನ್ನೇ ಮರೆಯಲು ಹೋಗುತ್ತಿದ್ದೀರಲ್ಲ" ಎಂದಳು ಒಂದು ಸಂಜೆ. ಅಬ್ಬಾ ಸಿಟ್ಟಾಗಲಿಲ್ಲ. "ಬರುವುದನ್ನು ಕೇಳುವವರು ಯಾರಿದ್ದಾರೆ?" ಎಂದು ಮತ್ತೆ ಮುಂಗಾಲು ಒತ್ತಿದರು.

ಶನಿವಾರಗಳಲ್ಲಿ ಹೊಲಿಗೆ ಇರುತ್ತಿರಲಿಲ್ಲ. ಮೈಸೂರಿನಿಂದ ಒಬ್ಬ ಸರ್ ಬಂದು ವ್ಯಕ್ತಿತ್ವ ವಿಕಸನದ ಪಾಠ ಮಾಡುತ್ತಿದ್ದರು. ಕಂಪನಿಯವರು ಬರೀ ಕೈಕೆಲಸ ನೋಡುವುದಿಲ್ಲ, ಸಮಯಕ್ಕೆ ಬರುವುದು, ಎಲ್ಲರೊಡನೆ ಹೊಂದಿಕೊಳ್ಳುವುದು, ಮುಖದಲ್ಲಿ ನಗು ಇರುವುದು ಇವನ್ನೆಲ್ಲ ನೋಡುತ್ತಾರೆ ಎನ್ನುತ್ತಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ಇಂಟರ್‌ವ್ಯೂ ಮಾಡಿದಂತೆ ಪ್ರಶ್ನೆ ಕೇಳುತ್ತಿದ್ದರು. ಅಬ್ಬಾನ ಸರದಿ ಬಂದಾಗ, "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದರು.

ಅಬ್ಬಾ ಸ್ವಲ್ಪ ಯೋಚಿಸಿದರು. "ಕಣ್ಣು ಸಾರ್. ಸಂಜೆ ಮೇಲೆ ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣಕ್ಕಿಲ್ಲ. ಆಮೇಕೆ ಸಕ್ಕರೆ ಕಾಯ್ಲೆ ಅದೆ."

ಹುಡುಗಿಯರು ನಕ್ಕರು. ಸರ್ ಕೂಡ ನಕ್ಕರು. "ಹಾಗೆಲ್ಲ ಹೇಳಬಾರದು. ಕೆಲಸ ಕೊಡುವವರಿಗೆ ನಿಜವಾದ ದೌರ್ಬಲ್ಯ ಹೇಳಿದರೆ ಕೆಲಸ ಸಿಗತ್ತಾ? ಕೆಲಸ ಮುಗಿಯುವವರೆಗೂ ನನಗೆ ಸಮಾಧಾನ ಇರಲ್ಲ, ಅದೇ ನನ್ನ ದೌರ್ಬಲ್ಯ ಅನ್ನಿ."

ಅಬ್ಬಾ ಆ ವಾಕ್ಯವನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿದರು. ತೆರಕಣಾಂಬಿಯವರೆಗೂ ತುಟಿ ಅಲ್ಲಾಡುತ್ತಿದ್ದವು. ಹೂವಿನ ಕೊಯ್ಲು ಮುಗಿದಿತ್ತು. ಓಣಂಗೆ ಚೆಂಡುಹೂವೆಲ್ಲ ಲಾರಿ ಹತ್ತಿ ಕೇರಳಕ್ಕೆ ಹೋಗಿ, ಹೊಲಗಳಲ್ಲಿ ಕಡ್ಡಿಗಳು ಮಾತ್ರ ನಿಂತಿದ್ದವು.

ಆಯ್ಕೆಯ ದಿನ ಕಂಪನಿಯಿಂದ ಇಬ್ಬರು ಬಂದರು. ಒಬ್ಬರು ಪ್ರಶ್ನೆ ಕೇಳುವವರು, ಇನ್ನೊಬ್ಬರು ಫ್ಲೋರ್ ಮ್ಯಾನೇಜರ್. ಮ್ಯಾನೇಜರರ ಕನ್ನಡದಲ್ಲಿ ತಮಿಳು ಬೆರೆತಿತ್ತು, ಹಿರಿಯರನ್ನು 'ಪೆರಿಯವರೇ' ಎನ್ನುತ್ತಿದ್ದರು. ಅಬ್ಬಾ ತಾವೇ ಹೊಲಿದ ಬಿಳಿ ಅಂಗಿ ಹಾಕಿಕೊಂಡು, ಗಡ್ಡಕ್ಕೆ ಮೆಹಂದಿ ಹಚ್ಚಿಕೊಂಡು ಬಂದಿದ್ದರು. ದೌರ್ಬಲ್ಯದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಎಲ್ಲರ ಮುಂದೆಯೂ ಒಂದೊಂದು ಕಟ್ಟು ಕಫ್ ಇಟ್ಟು ಹೊಲಿಯಲು ಹೇಳಿದರು. ಗಡಿಯಾರ ಶುರುವಾಯಿತು. ನಾನು ಪಕ್ಕಕ್ಕೆ ನೋಡಬಾರದೆಂದುಕೊಂಡರೂ ನೋಡಿದೆ. ಅಬ್ಬಾ ಮಗುಚಿ ನೋಡುತ್ತಿರಲಿಲ್ಲ. ಬೆಳಕಿಗೆ ಹಿಡಿಯುತ್ತಿರಲಿಲ್ಲ. ಕುತ್ತಿಗೆಯ ನರ ಬಿಗಿದಿತ್ತು, ಹಣೆಯಿಂದ ಬೆವರು ಇಳಿದು ಗಡ್ಡ ಸೇರುತ್ತಿತ್ತು. ಮೇಡಂ ಹೇಳಿದ ಹಾಗೆಯೇ ಮಾಡುತ್ತಿದ್ದರು. ಆದರೂ ಗಂಟೆ ಹೊಡೆದಾಗ ಅವರ ಕಟ್ಟು ಅರ್ಧ ಉಳಿದಿತ್ತು.

ಮ್ಯಾನೇಜರ್ ಬಂದು ಒಂದು ಕಫ್ ಎತ್ತಿಕೊಂಡು ಬೆರಳಲ್ಲಿ ಸವರಿದರು. "ಎಲ್ಲಿ ಕೆಲಸ ಮಾಡ್ತಿದ್ರಿ?"

"ಸ್ವಂತ ಅಂಗಡಿ ಸಾರ್. ಗುಂಡ್ಲುಪೇಟೇಲಿ."

"ಚೆನ್ನಾಗಿದೆ. ಆದ್ರೆ ಇದು ನಮ್ಗೆ ಆಗಲ್ಲ ಪೆರಿಯವರೇ. ಸ್ಪೀಡ್ ಇಲ್ಲ." ಅವರು ಮುಂದೆ ಹೆಜ್ಜೆಯಿಟ್ಟು, ಮತ್ತೆ ತಿರುಗಿದರು. "ಇಸ್ತ್ರಿ ಟೇಬಲ್‌ಗೆ ಗಂಡಾಳು ಬೇಕು. ಕಾಂಟ್ರಾಕ್ಟ್ ಮೇಲೆ. ಮಾಡ್ತೀರಾ?"

ಅಂಗಡಿಯಲ್ಲಿ ಇಸ್ತ್ರಿ ಹಾಕುವುದು ಕೆಲಸ ಕಲಿಯಲು ಬಂದವರ ಪಾಲು. ಅಬ್ಬಾ ನನ್ನ ಕಡೆ ನೋಡಲಿಲ್ಲ. "ಮಾಡ್ತೀನಿ ಸಾರ್" ಎಂದರು.

ಹಾಗೆ ನಮ್ಮ ಮೂವರಿಗೂ ಒಂದೇ ಕಂಪನಿಯಲ್ಲಿ ಕೆಲಸವಾಯಿತು. ರಾಜಮ್ಮಣಿ ಕಫ್ ಹೊಲಿಯುವ ಮೆಷಿನ್ನಿಗೆ, ನಾನು ಅವಳ ಹಿಂದಿನ ಮೆಷಿನ್ನಿಗೆ, ಅಬ್ಬಾ ಹಾಲಿನ ತುದಿಯ ಇಸ್ತ್ರಿ ಟೇಬಲ್ಲಿಗೆ. ಅಲ್ಲಿ ಪೈಪಿನಿಂದ ಉಗಿ ಬರುವ ಪೆಟ್ಟಿಗೆಗಳು. ದಿನವೆಲ್ಲ ನಿಂತೇ ಇರಬೇಕು. ಮಳೆಯ ಚಳಿಯಲ್ಲೂ ಅಲ್ಲಿದ್ದವರ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಸಂಜೆ ಬಸ್ಸಿನಲ್ಲಿ ಅಬ್ಬಾ ಚಪ್ಪಲಿ ಕಳಚಿ, ಊದಿದ ಪಾದಗಳನ್ನು ಸೀಟಿನ ಕೆಳಗೆ ಯಾರಿಗೂ ಕಾಣದಂತೆ ಚಾಚುತ್ತಿದ್ದರು. "ಕಾಲು ನೋಯುತ್ತಾ?" ಎಂದರೆ, "ಇಲ್ಲಿ ಕಾಲು ತೂಗುವ ಹಾಗಿಲ್ಲವಲ್ಲ, ಅದಕ್ಕೆ" ಎನ್ನುತ್ತಿದ್ದರು.

ಇಸ್ತ್ರಿ ಟೇಬಲ್ಲಿಗೆ ಎಲ್ಲ ಅಂಗಿಗಳೂ ಬರುತ್ತವೆ. ಯಾರ ಹೊಲಿಗೆ ಹೇಗಿದೆ ಎನ್ನುವುದು ಅಲ್ಲಿ ನಿಂತವರಿಗೆ ಗೊತ್ತಾಗುತ್ತದೆ. ನನ್ನ ಮೆಷಿನ್ನಿನ ಕೆಲಸದಲ್ಲಿ ತಪ್ಪು ಬರುತ್ತಿದ್ದುದು ಅಬ್ಬಾನಿಗೆ ಗೊತ್ತಿತ್ತು. ಟಾರ್ಗೆಟ್ ಮುಟ್ಟಿಸುವ ಆತುರಕ್ಕೆ ತೋಳಿಗೆ ಕಫ್ ಜೋಡಿಸುವ ಕಡೆ ನನ್ನ ಕೈ ಜಾರುತ್ತಿತ್ತು. ತಪ್ಪಾದ ಪೀಸುಗಳು ಕೆಂಪು ಬುಟ್ಟಿಗೆ ಬೀಳುತ್ತಿದ್ದವು. ಬುಟ್ಟಿ ತುಂಬಿದರೆ ಸೂಪರ್‌ವೈಸರ್ ಅದನ್ನು ನನ್ನ ಮೆಷಿನ್ ಪಕ್ಕಕ್ಕೆ ತಂದಿಟ್ಟು, ಇಡೀ ಲೈನಿಗೆ ಕೇಳಿಸುವಂತೆ ಬೈಯುತ್ತಿದ್ದರು. ಹಾಲಿನ ತುದಿಯವರೆಗೂ ಕೇಳುತ್ತಿತ್ತು. ಆಗೆಲ್ಲ ಇಸ್ತ್ರಿ ಟೇಬಲ್ಲಿನಲ್ಲಿ ಒಂದು ಪೆಟ್ಟಿಗೆ ಎತ್ತಿದ್ದು ಎತ್ತಿದ ಹಾಗೇ ಇರುತ್ತಿತ್ತು. ಈ ಹುಡುಗಿಯನ್ನು ಮುಂದಿನ ತಿಂಗಳು ಇಟ್ಟುಕೊಳ್ಳುವುದು ಕಷ್ಟ ಎಂಬ ಮಾತೂ ಬಂತು. "ಎದ್ರಬ್ಯಾಡ ಕಣಮ್ಮಿ, ಕೈ ಕುದುರ್ತದೆ ಬುಡು" ಎಂದು ರಾಜಮ್ಮಣಿ ತನ್ನ ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದಳು.

ದಸರಾ ಕಳೆದಿತ್ತು. ಹಿಂಗಾರು ಜೋರಾಗಿತ್ತು. ಅವತ್ತು ಮಧ್ಯಾಹ್ನ ಊಟಕ್ಕೆ ನಾವೆಲ್ಲ ಕ್ಯಾಂಟೀನ್ ಶೆಡ್ಡಿಗೆ ಹೋಗಿದ್ದೆವು. ತಗಡಿನ ಮೇಲೆ ಬೀಳುವ ಮಳೆಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅಬ್ಬಾ ಕಾಣಲಿಲ್ಲ, ನಮಾಜಿಗೆ ನಿಂತಿರಬೇಕು ಎಂದುಕೊಂಡೆ.

ಊಟ ಮುಗಿಸಿ ಬಂದು ರಾಜಮ್ಮಣಿ ಮೆಷಿನ್ನಿಗೆ ಕೂತವಳು ಕೈ ತೆಗೆದು ಎದ್ದು ನಿಂತಳು. ಸೂಜಿ ಮುರಿದಿತ್ತು.

ಗಾರ್ಮೆಂಟಿನಲ್ಲಿ ಮುರಿದ ಸೂಜಿ ಅಂದರೆ ಎಲ್ಲರಿಗೂ ಜೀವ ಹಾರುತ್ತದೆ. ಮುರಿದ ತುಂಡುಗಳೆಲ್ಲ ಸಿಕ್ಕಿ, ಜೋಡಿಸಿ ತೋರಿಸುವವರೆಗೆ ಲೈನ್ ಹೊರಡುವುದಿಲ್ಲ. ಅಂಗಿಯೊಳಗೆ ಮೊನೆ ಸೇರಿ ಹೊರದೇಶಕ್ಕೆ ಹೋದರೆ ಇಡೀ ಆರ್ಡರ್ ವಾಪಸ್ಸು. ಸೂಪರ್‌ವೈಸರ್ ಕೈಯೆತ್ತಿದರು. ಮೆಷಿನ್ನುಗಳೆಲ್ಲ ನಿಂತವು. ಆ ಹಾಲಿನಲ್ಲಿ ಕೆಲಸದ ಹೊತ್ತಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ.

"ಯಾವಾಗ ಮುರೀತು?"

"ನಾನು ಊಟಕ್ಕೆ ಓದಾಗ ಸರ್ಯಾಗೇ ಇತ್ತು ಸಾರ್. ನನ್ ಮಗಿ ಆಣೆ, ನಾನು ಮುರ್ದಿಲ್ಲ."

"ಮತ್ತೆ ಅದೇ ಮುರ್ಕೊಳ್ತಾ?"

ಎಲ್ಲರೂ ನೆಲಕ್ಕಿಳಿದು ಹುಡುಕಿದೆವು. ಅಯಸ್ಕಾಂತದ ಕೋಲು ತಂದು ನೆಲದ ಮೇಲೆ ಎಳೆದರು. ಮೆಷಿನ್ ಬಿಚ್ಚಿ ನೋಡಿದರು. ಪಕ್ಕದಲ್ಲಿದ್ದ ಅಂಗಿಗಳನ್ನೆಲ್ಲ ಒಂದೊಂದೇ ಕೊಡವಿದರು. ಫ್ಲೋರ್ ಮ್ಯಾನೇಜರ್ ಬಂದು ನಿಂತರು. ರಾಜಮ್ಮಣಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಮೆಷಿನ್ನಿನ ಕೆಳಗೆ ತಡಕುತ್ತಿದ್ದಳು. ಅವಳ ಕಾರ್ಡ್ ತೆಗೆದುಕೊಳ್ಳಿ ಎಂದು ಯಾರೋ ಹೇಳಿದ್ದು ಕೇಳಿಸಿತು.

ಆಗ ಹಾಲಿನ ತುದಿಯಿಂದ ಅಬ್ಬಾ ನಡೆದು ಬಂದರು. ಎಡಗೈಗೆ ಕರ್ಚೀಫು ಸುತ್ತಿಕೊಂಡಿದ್ದರು. ಅದು ಬಿಳಿ ಬಣ್ಣದ್ದು, ಬೆರಳಿನ ಕಡೆ ಕಪ್ಪಗೆ ನೆನೆದಿತ್ತು.

"ಆವಮ್ಮಂದು ತಪ್ಪಿಲ್ಲ ಸಾರ್. ನಾನು ಕೂತ್ಕಂಡಿದ್ದೆ."

"ನೀವು ಯಾಕೆ ಕೂತ್ರಿ? ನೀವು ಇಸ್ತ್ರಿ."

ಅಬ್ಬಾ ಕೆಂಪು ಬುಟ್ಟಿಯ ಕಡೆ ನೋಡಿದರು. ಬೆಳಿಗ್ಗೆ ತುಂಬಿದ್ದ ಬುಟ್ಟಿ ಅರ್ಧ ಖಾಲಿಯಾಗಿತ್ತು. ನನ್ನ ತಪ್ಪು ಪೀಸುಗಳನ್ನು ಅವರು ಬಿಚ್ಚಿ ಮತ್ತೆ ಹೊಲಿದು, ಮಡಚಿ, ನನ್ನ ಮೆಷಿನ್ನಿನ ಪಕ್ಕ ಇಟ್ಟಿದ್ದರು. ನನ್ನ ಮೆಷಿನ್ನಿನ ದಾರ ಮುಗಿದಿತ್ತಂತೆ, ಅದಕ್ಕೆ ಮುಂದಿದ್ದ ರಾಜಮ್ಮಣಿಯ ಮೆಷಿನ್ನಿಗೆ ಕೂತರಂತೆ. ಅವಸರಕ್ಕೆ ಕಾಲು ಹಳೆಯ ಹಾಗೆ ತೂಗಿತು. ಮೆಷಿನ್ ಹಾರಿತು. ಕೈ ಸೂಜಿಯ ಕೆಳಗಿತ್ತು.

"ಮೊನೆ ಎಲ್ಲಿ?" ಎಂದು ಮ್ಯಾನೇಜರ್ ಕೇಳಿದರು.

ಅಬ್ಬಾ ಕರ್ಚೀಫು ಬಿಚ್ಚಿದರು. ತೋರುಬೆರಳಿನ ಉಗುರಿನ ನಡುವೆ ಒಂದು ಸಣ್ಣ ತೂತು. "ಇಲ್ಲೇ ಇರ್ಬೇಕು ಸಾರ್. ಎಳ್ದೆ, ಬರ್ನಿಲ್ಲ." ಅದನ್ನು ಒಳಗಿಟ್ಟುಕೊಂಡೇ ಅವರು ಊಟದ ಹೊತ್ತು ಮುಗಿದ ಮೇಲೆ ಹೋಗಿ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದರು.

ಮ್ಯಾನೇಜರ್ ಬೈಯಲಿಲ್ಲ. ಅವರ ಮುಖ ಸ್ವಲ್ಪ ಹಗುರಾದದ್ದನ್ನು ನಾನು ಕಂಡೆ. ಮೊನೆ ಅಂಗಿಯಲ್ಲಿಲ್ಲ. "ಜೀಪ್ ಕರೀರಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಕ್ಸ್‌ರೇ ಮಾಡ್ಸಿ. ತುಂಡು ನನ್ಗೆ ಬೇಕು" ಎಂದು ಸೇಫ್ಟಿ ನೋಡುವವರಿಗೆ ಹೇಳಿದರು. ಆಮೇಲೆ ಕೈಯೆತ್ತಿದರು. ಮೆಷಿನ್ನುಗಳು ಮತ್ತೆ ಶುರುವಾದವು. ನಾನು ಏಳಲು ಹೋದೆ. ಅಬ್ಬಾ ಬಾಗಿಲಿನಿಂದ ತಿರುಗಿ ನೋಡಿ, ಬೇಡ ಎನ್ನುವಂತೆ ಇನ್ನೊಂದು ಕೈ ಆಡಿಸಿದರು. "ಓಗು ಕಣಮ್ಮಿ, ಅಪ್ಪನ್ ಜೊತೆ ಓಗು. ನಿನ್ ಪೀಸೂ ನಾನು ನೋಡ್ಕತೀನಿ" ಎಂದು ರಾಜಮ್ಮಣಿ ನನ್ನ ಬೆನ್ನಿಗೆ ತಳ್ಳಿದಳು. ಹೋದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೂದು ಬಣ್ಣದ ಬೆರಳಿನ ಮೂಳೆಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ಕಂಪನಿಯ ಸೇಫ್ಟಿಯವರು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡರು. ತುಂಡು ತೆಗೆದು ಕೊಟ್ಟ ಮೇಲೆ ಅದನ್ನು ಒಂದು ಸಣ್ಣ ಕವರಿನಲ್ಲಿ ಹಾಕಿಕೊಂಡು ಹೊರಟರು. ಹೊರಡುವ ಮುಂಚೆ, ಅನುಮತಿ ಇಲ್ಲದೆ ಮೆಷಿನ್ ಮುಟ್ಟಿದ್ದರಿಂದ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡವೆಂದು ಕಾಂಟ್ರಾಕ್ಟರು ಹೇಳಿದ್ದಾರೆ ಎಂದರು. ಮಗಳ ಕೆಲಸಕ್ಕೆ ತೊಂದರೆ ಇಲ್ಲ ಎಂದೂ ಸೇರಿಸಿದರು. ಅಬ್ಬಾ ಅದನ್ನು ಕೇಳಿ ಮೊದಲ ಸಲ ನಿಟ್ಟುಸಿರು ಬಿಟ್ಟರು. "ಅಷ್ಟು ಸಾಕು" ಎಂದು ನನಗೆ ಉರ್ದುವಿನಲ್ಲಿ ಹೇಳಿದರು.

ಸಕ್ಕರೆ ಕಾಯಿಲೆಯಿದ್ದ ಮೈ. ಗಾಯ ಮಾಯಲಿಲ್ಲ. ಬೆರಳು ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ದೀಪಾವಳಿಗೆ ಎರಡು ದಿನ ಇರುವಾಗ ಡಾಕ್ಟರು ಮೇಲಿನ ಗೆಣ್ಣು ತೆಗೆಯಬೇಕೆಂದರು, ತೆಗೆದರು. ಅವತ್ತು ನನಗೆ ರಜೆ ಸಿಗಲಿಲ್ಲ. ಸಂಜೆ ವಾರ್ಡಿಗೆ ಹೋದಾಗ ಅಬ್ಬಾ ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ಅಮ್ಮಿ ಮಂಚದ ಕಾಲಿಗೆ ಒರಗಿ ನೆಲದಲ್ಲಿ ಕೂತಿದ್ದಳು. "ಟಾರ್ಗೆಟ್ ಆಯ್ತಾ?" ಎಂದು ಅಬ್ಬಾ ಕೇಳಿದರು. ಆಯಿತು ಎಂದೆ. ನಿಜಕ್ಕೂ ಆಗಿತ್ತು. ನನ್ನ ಕೈ ಆ ವಾರದಲ್ಲೇ ಕುದುರಿತ್ತು.

ಬಟ್ಟೆ ಹೊಲಿಯುವವರಿಗೆ ಎಡಗೈಯ ತೋರುಬೆರಳೇ ಕಣ್ಣು. ಬಟ್ಟೆ ಎಲ್ಲಿ ಸುಕ್ಕಾಗುತ್ತಿದೆ, ಎಲ್ಲಿ ಎಳೆಯುತ್ತಿದೆ ಎಂಬುದು ಅದರ ತುದಿಗೆ ತಿಳಿಯುತ್ತದೆ. ಮನೆಗೆ ಬಂದ ಮೇಲೆ ಒಂದು ದಿನ ಅಬ್ಬಾ ಹಳೆಯ ಮೆಷಿನ್ನಿನ ಬೆಲ್ಟು ಹಾಕಿ ಕೂತರು. ಒಂದು ತುಂಡು ಬಟ್ಟೆ ಹೊಲಿದು ನೋಡಿ, ಇನ್ನೊಂದು ಹೊಲಿದು ನೋಡಿ, ಎದ್ದರು. ಮೆಷಿನ್ನಿನ ಮೇಲೆ ಒಂದು ಬೆಡ್‌ಶೀಟು ಹೊದಿಸಿದರು. ಅದರ ಮೇಲೆ ಅಮ್ಮಿ ಮತ್ತೆ ಅಕ್ಕಿಯ ಡಬ್ಬಿಗಳನ್ನಿಟ್ಟಳು.

ಆ ಚಳಿಗಾಲದಲ್ಲಿ ಮಾದಪ್ಪನವರು ಮನೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತು ಟೀ ಕುಡಿದರು. ಬಹಳ ಹೊತ್ತು ಸಣ್ಣ ಈರುಳ್ಳಿಯ ರೇಟಿನ ವಿಷಯ ಮಾತಾಡಿ, ಕೊನೆಗೆ, "ನಮ್ ಮಂಡೀಲಿ ಚೀಲದ ಬಾಯಿ ಒಲಿಯೋ ಕೆಲ್ಸ ಅದೆ ಸಾಬ್ರೆ. ನಿಮ್ಗೆ ಎಂಗೆ ಏಳಾದು ಅಂತ ಮೂರ್ ದಿನದಿಂದ ಸುಮ್ನಿದ್ದೆ" ಎಂದರು. ಅವರು ಹಾಕಿಕೊಂಡಿದ್ದು ಅಬ್ಬಾ ಹೊಲಿದ ಅಂಗಿಯೇ. ಕಾಲರು ಸವೆದಿತ್ತು.

"ಯಾವತ್ತಿಂದ ಬರ್ಲಿ?" ಎಂದು ಅಬ್ಬಾ ಕೇಳಿದರು.

ಒಂದು ಭಾನುವಾರ ಅವರಿಗೆ ಊಟದ ಡಬ್ಬಿ ಕೊಡಲು ನಾನು ಮಂಡಿಗೆ ಹೋದೆ. ಗೋಡೆಯುದ್ದಕ್ಕೂ ಈರುಳ್ಳಿ ರಾಶಿ, ಘಾಟಿಗೆ ಕಣ್ಣು ಉರಿಯುತ್ತಿತ್ತು. ಲಾರಿಯವರು ತಮಿಳಿನಲ್ಲಿ ಅವಸರ ಮಾಡುತ್ತಿದ್ದರು. ಅಬ್ಬಾ ಮೊಣಕಾಲಿನ ನಡುವೆ ಚೀಲ ಹಿಡಿದು, ಉದ್ದನೆಯ ದಬ್ಬಣದಿಂದ ಹುರಿ ಎಳೆಯುತ್ತಿದ್ದರು. ನಾಲ್ಕು ಎಳೆತಕ್ಕೆ ಒಂದು ಚೀಲ. ಮಗುಚಿ ನೋಡುತ್ತಿರಲಿಲ್ಲ. ಪಕ್ಕಕ್ಕೆ ತಳ್ಳಿ ಮುಂದಿನದನ್ನು ಎಳೆದುಕೊಳ್ಳುತ್ತಿದ್ದರು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ವೇಗವಾಗಿ ಹೊಲಿಯುತ್ತಿದ್ದವರು ಅವರೇ.

ನಾನು ಕಂಪನಿಯಲ್ಲಿ ಉಳಿದೆ. ಮರುವರ್ಷ ನನ್ನನ್ನು ಹೊಸಬರಿಗೆ ಕಲಿಸುವ ವಿಭಾಗಕ್ಕೆ ಹಾಕಿದರು. ರಾಜಮ್ಮಣಿ ಈಗ ಲೈನಿನ ಸೂಪರ್‌ವೈಸರ್. ಅವಳೂ ಜೋರಾಗಿಯೇ ಬೈಯುತ್ತಾಳೆ, ಆಮೇಲೆ ಬಂದು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳೆ.

ನಾನು ಕಲಿಸುವ ಕೋಣೆಯ ಗೋಡೆಗೆ ಸುರಕ್ಷತೆಯ ಪಟಗಳನ್ನು ಅಂಟಿಸಿದ್ದಾರೆ. ಅದರಲ್ಲಿ ಒಂದು, ಬೂದು ಬಣ್ಣದ ಬೆರಳೊಂದರ ಎಕ್ಸ್‌ರೇ. ಕೆಳಗೆ ಹೆಸರಿಲ್ಲ. ಮೆಷಿನ್ ಮುಂದೆ ಗಮನ ಬೇರೆಡೆ ಇರಬಾರದು ಎಂದಷ್ಟೇ ಬರೆದಿದೆ. ಪ್ರತಿ ಬ್ಯಾಚಿಗೂ ಮೊದಲ ದಿನ ಅದನ್ನು ತೋರಿಸಿ ವಿವರಿಸುವುದು ನನ್ನ ಕೆಲಸದ ಭಾಗ. ವಿವರಿಸುತ್ತೇನೆ. ಹುಡುಗಿಯರು ಮುಖ ಕಿವುಚಿ ನೋಡುತ್ತಾರೆ, ಮರೆಯುತ್ತಾರೆ.

ಈ ಸಲದ ಬ್ಯಾಚಿನಲ್ಲಿ ಹರದನಹಳ್ಳಿಯ ಒಬ್ಬಳು ಮಾತ್ರ ಕೈಯೆತ್ತಿ ಕೇಳಿದಳು. "ಇವ್ರು ಯಾರು ಮೇಡಂ? ನಿಮ್ಗೆ ಗೊತ್ತಾ?"

"ನಮ್ಮಪ್ಪ" ಎಂದೆ.

ಕೇಳಿದವಳು ಕೇಳಬಾರದ್ದನ್ನು ಕೇಳಿದಂತೆ ನಿಂತಳು. ಮೆಲ್ಲಗೆ, "ಈಗ ಒಲಿಯಕಿಲ್ವಾ?" ಎಂದಳು.

"ಹೊಲೀತಾರೆ. ಈರುಳ್ಳಿ ಚೀಲ."

ಎಲ್ಲರೂ ಎಡಗೈ ಮೇಲೆತ್ತಿ ಎಂದೆ. ಎತ್ತಿದರು. ಬೆರಳು ಸೂಜಿಯಿಂದ ಎಷ್ಟು ದೂರ ಇರಬೇಕು ಎನ್ನುವುದನ್ನು ಒಬ್ಬೊಬ್ಬರ ಹತ್ತಿರ ಹೋಗಿ, ಕೈ ಹಿಡಿದು ಇಟ್ಟು ತೋರಿಸಿದೆ. ಆಮೇಲೆ ಗಡಿಯಾರ ತೆಗೆದುಕೊಂಡು, ಮೆಷಿನ್ ಹಾಕಲು ಹೇಳಿದೆ.